ಗಿಳಿಹಸಿರು ಸೀರೆ

ಎಲ್ಲಕ್ಕೂ ಮೂಲ ಒಂದು ಪೊಟ್ಟಣ ಡೈ. ಮಕ್ತಲದ ಕನ್ನಡ ಶಾಲೆಯ ಸಿದ್ದರಾಮೇಶ ಮಾಸ್ತರರಿಗೆ ನಲವತ್ತರ ಹತ್ತಿರ, ತಲೆ ಅರ್ಧ ನರೆತಿತ್ತು. ಅವತ್ತು ಗದ್ವಾಲದಲ್ಲಿ ಹೆಣ್ಣು ನೋಡುವುದಿತ್ತು. ಇದೂ ತಪ್ಪಿದರೆ ಇನ್ನು ಮದುವೆಯ ಮಾತೇ ಬೇಡ ಎಂದು ನಿಶ್ಚಯಿಸಿದ್ದರು. ಜೊತೆಯ ಮಾಸ್ತರ ಕಾಳಪ್ಪ ಬೆಳಿಗ್ಗೆಯೇ ಬಂದು ತಲೆಗೆ ಡೈ ಮೆತ್ತಿದ. ತೊಳೆಯುವಷ್ಟರಲ್ಲಿ ಬಸ್ಸು ಬಂತು.

“ಎರಡು ಚೊಂಬು ಸಾಕು, ನಡೀರಿ. ಅಲ್ಲಿ ಬಾಯಿ ಮುಚ್ಚಿ ಕುಂದರಬ್ಯಾಡ್ರಿ. ಶಾಲ್ಯಾಗ ಹೇಳೋ ಅಜ್ಜಿ ಕತಿಗಳ ವಿಚಾರ ಹೇಳ್ರಿ,” ಎಂದು ಬಸ್ಸಿಗೆ ದೂಡಿದ.

ತೆಲಂಗಾಣ ರಾಜ್ಯ ಹುಟ್ಟಿದ ದಿನ ಅದು. ಗದ್ವಾಲದ ಬಸ್ ನಿಲ್ದಾಣದಲ್ಲಿ ಮೆರವಣಿಗೆಯವರು ಮಾಸ್ತರರ ತಲೆಗೆ ಎರಡು ಮುಷ್ಟಿ ಗುಲಾಬಿ ಗುಲಾಲು ಸುರಿದು ಅಪ್ಪಿಕೊಂಡರು.

ಹೆಣ್ಣಿನ ತಂದೆ ವೀರಯ್ಯ ಬಾಗಿಲಲ್ಲೇ, “ಬಚ್ಚಲಕ್ಕ ಹೋಗಿ ತಲಿ ತೊಳಕೊಂಬರ್ರಿ,” ಎಂದರು.

“ಇರಲಿ ಬಿಡ್ರಿ, ರಾಜ್ಯ ಬಂದೈತಿ,” ಎಂದರು ಮಾಸ್ತರರು, ತಲೆಗೆ ಕೈ ಅಡ್ಡ ಹಿಡಿದು.

ಉಪ್ಪಿಟ್ಟು ಬಂತು, ಕರೆಂಟು ಹೋಯಿತು. ಫ್ಯಾನು ನಿಂತಿತು. ಶಾಲೆಯಲ್ಲಿ ಏನು ಕಲಿಸುತ್ತೀರಿ ಎಂದು ವೀರಯ್ಯ ಕೇಳಿದ್ದೇ ತಡ, ಮಾಸ್ತರರು ಶುರುವಿಟ್ಟುಕೊಂಡರು.

“ಅಜ್ಜಿ ಕತಿಯೊಳಗ ಒಂದೊಂದು ಬಣ್ಣಕ್ಕೂ ಒಂದು ಅರ್ಥ ಇರ್ತೈತ್ರಿ. ಬಿಳೇದು ಅಂದ್ರ ಕಪಟ ಇಲ್ಲದ್ದು. ಕೆಂಪು ಅಂದ್ರ ಆಸಿ. ಹಸಿರು ಅಂದ್ರ ಭಾಳ ಹುಷಾರಿರಬೇಕು. ರಕ್ಕಸನ ಜೀವ ಗಿಳಿಯೊಳಗ ಇರ್ತೈತಲ್ರಿ, ಹಂಗ. ಕಾಣೋದು ಒಬ್ಬರು, ಒಳಗಿರೋದು ಇನ್ನೊಬ್ಬರು.”

ಮಾತು ಮುಗಿಯುವಾಗ ಗಿಳಿಹಸಿರು ಸೀರೆಯುಟ್ಟ ಹುಡುಗಿ ಚಹಾ ತಂದು ಎದುರು ಕುಳಿತಳು. ಮಾಸ್ತರರಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಮನೆಗೆ ಬಂದು, ಅವರ ಉಪ್ಪಿಟ್ಟು ತಿನ್ನುತ್ತಲೇ ಅವರ ಮಗಳನ್ನು ಕಪಟಿ ಎಂದಂತಾಗಿತ್ತು.

“ಹಂಗಲ್ರಿ,” ಎಂದು ತೇಪೆ ಹಚ್ಚಲು ಹೋದರು. “ಒಳಗಿರಾಕಿನೂ ಒಳ್ಳೇಕಿನೇ ಇರಬೌದು.”

ಹುಡುಗಿಯ ತಾಯಿ ಹಂಪಮ್ಮ ಕೈಯ ಲೋಟ ಕೆಳಗಿಟ್ಟರು. “ನಿಮಗ ಯಾರ್ ಹೇಳಿದ್ರಿ? ಹೌದ್ರಿ, ಈಕಿ ಸಣ್ಣಾಕಿ, ವಿಜಯಶ್ರೀ. ನಿಮಗ ಕೊಡೋ ದೊಡ್ಡಾಕಿ ಒಳಗಿದ್ದಾಳ. ಮಾತುಕತಿ ಮುಗಿದ ಮ್ಯಾಲ ಹೇಳೋಣಂತಿದ್ವಿ.”

ಮಾಸ್ತರರು ಕಕ್ಕಾಬಿಕ್ಕಿಯಾದರು. ಅಷ್ಟರಲ್ಲಿ ಅಡುಗೆಮನೆಯಿಂದ ದೊಡ್ಡ ಮಗಳು ಶಿವರಂಜನಿ ತಾನೇ ಬಂದಳು. ಕೈಯಲ್ಲಿ ಹಿಟ್ಟು, ಬೈತಲೆಯ ಎರಡೂ ಕಡೆ ಬೆಳ್ಳಿಗೂದಲು.

“ತಲಿಗೆ ಬಣ್ಣ ಹಚ್ಚು ಅಂದ್ರು, ನಾ ಒಲ್ಲೆ ಅಂದೆ. ಅದಕ್ಕ ತಂಗಿನ್ನ ಕುಂದರಿಸ್ಯಾರ. ಇದ್ದಂಗ ಇರಾಂವ, ನನ್ನ ಇದ್ದಂಗ ಒಪ್ಪಾಂವ ಬಂದ್ರ ಇವತ್ತೇ ಹೂಂ ಅಂತೀನಿ,” ಎಂದಳು.

ಇಂಥವಳನ್ನೇ ಅಲ್ಲವೇ ತಾನು ಇಷ್ಟು ವರ್ಷ ಹುಡುಕಿದ್ದು ಎಂದು ಮಾಸ್ತರರಿಗೆ ಅನಿಸಿತು. “ನಾನೂ ಇದ್ದಂಗ ಇರಾಂವನೇ...” ಎಂದು ಮುಂದೆ ಬಾಗಿದರು.

ಶಿವರಂಜನಿ ಅವರ ಕಿವಿಯ ಪಕ್ಕವನ್ನೇ ನೋಡುತ್ತಿದ್ದಳು. ಬೆವರಿನ ಜೊತೆ ಕರಿಯ ಗೆರೆಯೊಂದು ಕೆನ್ನೆಗಿಳಿದು, ಬಿಳಿ ಕಾಲರು ತೋಯಿಸಿ, ತೊಟತೊಟನೆ ಉಪ್ಪಿಟ್ಟಿನ ತಟ್ಟೆಗೆ ಬೀಳುತ್ತಿತ್ತು.

“ಮಾಸ್ತರ, ಕರೇ ಬಣ್ಣದ ಅರ್ಥ ಹೇಳಲೇ ಇಲ್ಲ ನೀವು,” ಎಂದಳು.

ಮಾಸ್ತರರು ತಟ್ಟೆ ಕೆಳಗಿಟ್ಟರು. ತಲೆ ಎತ್ತಲು ಮುಖವಿರಲಿಲ್ಲ. “ಮಾರುವೇಷರೀ,” ಎಂದರು ಮೆಲ್ಲಗೆ.

“ಬಚ್ಚಲದಾಗ ನೀರು ಕಾದಾವ. ಈಗರ ತಲಿ ತೊಳಕೊಳ್ರಿ,” ಎಂದು ಶಿವರಂಜನಿ ಒಳಗೆ ಹೋದಳು. “ಮಕ್ತಲದ ಬಸ್ಸು ನಾಕಕ್ಕ ಐತಿ, ತಪ್ಪಿಸಿಕೋಬ್ಯಾಡ್ರಿ.”