ಚರಿತೆ ಹೇಳಿ ಮಷೀನು ಪಾಸು ಮಾಡಿಸಿದ್ದು

ನನಗೊಂದು ಚಟವಿದೆ. ನಶ್ಯವೋ ಎಲೆ-ಅಡಿಕೆಯೋ ಆಗಿದ್ದರೆ ಹೆಂಡತಿ ಬೈದು ಬಿಡಿಸುತ್ತಿದ್ದಳು. ನನ್ನದು ಪದಗಳ ಬೆನ್ನು ಹತ್ತುವ ಚಟ. ಪೀಣ್ಯದಲ್ಲಿ ಲೇತ್ ಮಷೀನು ತಯಾರಿಸುವ ಕಾರ್ಖಾನೆಯೊಂದರಲ್ಲಿ ರಫ್ತಿನ ಪತ್ರವ್ಯವಹಾರ ನೋಡಿಕೊಳ್ಳುವ ನನಗೆ, ಪರದೇಶದ ಗಿರಾಕಿಗಳಿಗೆ ಬರೆಯುವಾಗ ಕೊನೆಯಲ್ಲಿ "ನಿಮ್ಮಲ್ಲಿ ಇದಕ್ಕೇನನ್ನುತ್ತಾರೆ?" ಎಂದು ಕೇಳದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಹಾಗೆ ಕೇಳಿ ಕೇಳಿಯೇ ನಮ್ಮ ‘ಚರಿತೆ’ ಎಲ್ಲೆಲ್ಲಿ ಸಂಸಾರ ಹೂಡಿದೆಯೆಂದು ಗೊತ್ತಾದದ್ದು. ಮಲಯ ಭಾಷೆಯಲ್ಲಿ ಅದು ‘ಚೆರಿತ’, ಅಂದರೆ ಕಥೆ. ಫಿಲಿಪ್ಪೀನ್ಸಿನ ತಗಾಲೊಗ್‌ನಲ್ಲಿ ‘ಸಲಿತಾ’, ಅಂದರೆ ಬರೀ ಮಾತು. ನಮ್ಮಲ್ಲಿ ರಾಜರನ್ನೂ ಯುದ್ಧಗಳನ್ನೂ ಹೊತ್ತು ಮೆರೆಯುವ ಪದ, ಕಡಲು ದಾಟಿ ಅಜ್ಜಿ ಹೇಳುವ ಕಥೆಯಾಗಿದೆ. ಇನ್ನೂ ಮುಂದೆ ಹೋಗಿ ಜಗಲಿಯ ಮಾತಾಗಿದೆ. ಅದು ಸಂಸ್ಕೃತದಿಂದ ಹೊರಟದ್ದು, ಕನ್ನಡಕ್ಕೂ ಬಂದು ಸೇರಿದ್ದು ಎಂಬುದು ನನಗೂ ಗೊತ್ತು. ಆದರೂ ಪಕ್ಕದ ಮನೆ ಹುಡುಗಿಗೆ ರ‍್ಯಾಂಕ್ ಬಂದರೆ "ನಮ್ಮ ಬೀದಿಯವಳು" ಎನ್ನುವುದಿಲ್ಲವೇ, ಹಾಗೆ ನಾನೂ ಎದೆಯುಬ್ಬಿಸಿದೆ.

ನಮ್ಮ ಕಾರ್ಖಾನೆಯಲ್ಲೊಂದು ಪದ್ಧತಿ. ಮಷೀನು ಪರೀಕ್ಷಿಸಿ ಒಪ್ಪಿಕೊಳ್ಳಲು ಪರದೇಶದವರು ಬಂದರೆ, ಆ ಮಷೀನಿನ ಮುಂದೆಯೇ ಅವರಿಗೆ ಹಾರ ಹಾಕಿ, ಶಾಲು ಹೊದಿಸಿ, ಹಿರಿಯನಾದ ನಾನು ಸ್ವಾಗತ ಭಾಷಣ ಮಾಡಬೇಕು. ಹೊಸ ಮ್ಯಾನೇಜರ್ ಪ್ರಶಾಂತನಿಗೆ ಇದು ಹಿಡಿಸದು. "ಸಾರ್, ಈ ಸಲ ಎರಡೇ ನಿಮಿಷ. ಮುಂದಿನ ಸಲದಿಂದ ಭಾಷಣಾನೇ ಬೇಡ, ಒಂದು ವಿಡಿಯೋ ಹಾಕ್ಬಿಡೋಣ" ಎಂದ. ಇಪ್ಪತ್ತು ವರ್ಷ ಮೈಕು ಹಿಡಿದ ಕೈ ನನ್ನದು. ಇದೇ ಕೊನೆಯ ಭಾಷಣವಾದರೆ ಚರಿತೆಯದ್ದೇ ಆಗಲಿ ಎಂದು ನಿಶ್ಚಯಿಸಿದೆ.

ಬಂದವರು ಒಂದೇ ಕಂಪನಿಯ ಇಬ್ಬರು ಇಂಜಿನಿಯರುಗಳು, ಕ್ವಾಲಾಲಂಪುರದ ಫರೀದ್ ಮತ್ತು ಮನಿಲಾದ ಲಿಸಾ. ಗೊರಗುಂಟೆಪಾಳ್ಯದ ಟ್ರಾಫಿಕ್ಕು ಅಂದು ಯಾಕೋ ಕರುಣೆ ತೋರಿ, ಅವರು ಒಂದು ಗಂಟೆ ಮೊದಲೇ ಬಂದುಬಿಟ್ಟರು. ಬೆಳಿಗ್ಗೆಯಿಂದ ಹೋಗಿದ್ದ ಕರೆಂಟು ಬಂದದ್ದೂ ಆಗಲೇ. ಹಾರ, ಶಾಲು ಮುಗಿದು ನಾನು ಶುರುಮಾಡಿದೆ. ಎರಡು ನಿಮಿಷಕ್ಕೆ ಸರಿಯಾಗಿ ಪ್ರಶಾಂತ ವಾಚು ನೋಡಿದ. ಅಷ್ಟರಲ್ಲಿ ಮಷೀನಿನ ಬಳಿ ನಿಂತಿದ್ದ ಆಪರೇಟರ್, ಗದಗಿನ ಶರಣಪ್ಪ, ಅವನ ಕಿವಿಯಲ್ಲಿ ಏನೋ ಹೇಳಿ, ಅತಿಥಿಗಳ ಬೆನ್ನ ಹಿಂದಿನಿಂದ ನನ್ನತ್ತ ಕೈ ಸುತ್ತಿಸಿದ: ಮುಂದುವರಿಸಿ! ಪ್ರಶಾಂತನೂ ಅದೇ ಸನ್ನೆ ಮಾಡಿದ. ಕೊನೆಗಾದರೂ ನನ್ನ ಬೆಲೆ ತಿಳಿಯಿತಲ್ಲ ಎಂದು ಕಣ್ಣು ತುಂಬಿ ಬಂತು.

ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಆ ಪದ ಹೋದ ಕಡಲಿನಲ್ಲೇ ನಾಳೆ ಪೀಣ್ಯದ ಮಷೀನೂ ಹೋಗುತ್ತದೆ ಎಂದಾಗ ಹೆಮ್ಮೆಯಿಂದ ನನ್ನ ದನಿಯೇ ನಡುಗಿತು. ಫರೀದ್ ತನ್ನಜ್ಜಿಯ ಮೊಸಳೆ ಚೆರಿತವೊಂದನ್ನು ಹೇಳಿದ. ಅಮ್ಮನೆದುರು ತನ್ನಪ್ಪನಿಗೆ ಒಂದು ಸಲಿತಾಕ್ಕೂ ಅವಕಾಶವಿಲ್ಲವೆಂದು ಲಿಸಾ ನಗಿಸಿದಳು. ಅವರ ಹಿಂದಿದ್ದ ಮಷೀನಿನಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ನನ್ನ ಮಾತಿಗೆ ಶ್ರುತಿಪೆಟ್ಟಿಗೆಯಂತೆ ಅದೂ ಹಿತವಾಗಿಯೇ ಇತ್ತು. ನಲವತ್ತು ನಿಮಿಷವಾದ ಮೇಲೆ ಶರಣಪ್ಪ ಹೆಬ್ಬೆರಳೆತ್ತಿದ, ನಾನು ನಮಸ್ಕರಿಸಿದೆ. ಮಷೀನು ಉಕ್ಕಿನ ತುಂಡೊಂದನ್ನು ಕಡೆಯಿತು, ಲಿಸಾ ಅಳೆದಳು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಬ್ಬರೂ ಸಹಿ ಹಾಕಿದರು. ನಾನು ತಡೆಯಲಾರದೆ ಹೆಂಡತಿಗೆ ಫೋನು ಮಾಡಿ, "ನನ್ನ ಭಾಷಣದಿಂದಲೇ ಮಷೀನು ಪಾಸಾಯ್ತು ಕಣೇ" ಎಂದೆ.

ಟೀ ಹೊತ್ತಿನಲ್ಲಿ ಶರಣಪ್ಪನೂ ಅದನ್ನೇ ಹೇಳಿದ. "ನಿಮ್ಮ ಭಾಷಣದಿಂದನ ಪಾಸಾತ್ರೀ ಸರ. ಮುಂಜಾನಿಂದ ಕರೆಂಟ್ ಇಲ್ದ ಮಷೀನ್ ತಣ್ಣಗಾಗಿತ್ತು. ಹಂಗ ಕಡದಿದ್ರ ಅಳತಿ ತಪ್ತಿತ್ತು. ಅರ್ಧಾ ತಾಸರ ಬರೇ ತಿರುಗಿಸಿ ಬೆಚ್ಚಗ ಮಾಡಬೇಕಿತ್ತು. ನೀವು ಮಾತಾಡಾಕತ್ತಿದ್ರಿ, ನಾ ತಿರುಗಿಸಾಕತ್ತಿದ್ದೆ."

ಹೆಂಡತಿಗೆ ಮಾಡಿದ್ದ ಫೋನು ನೆನಪಾಗಿ ಟೀ ಲೋಟ ಕೆಳಗಿಟ್ಟೆ. ಆದರೆ ವಿಡಿಯೋ ಮಾತು ಮತ್ತೆ ಬರಲಿಲ್ಲ. ಮಾರನೆಯ ದಿನ ಪ್ರಶಾಂತ ನೋಟಿಸ್ ಬೋರ್ಡಿಗೆ ಪರೀಕ್ಷೆಯ ಹೊಸ ಕ್ರಮವನ್ನು ಅಂಟಿಸಿದ. ಮೊದಲ ಸಾಲು: ಮಷೀನು ಬಿಸಿ ಮಾಡುವುದು, ನಲವತ್ತು ನಿಮಿಷ. ಎದುರಿಗೆ ಶರಣಪ್ಪನ ಹೆಸರು, ಪಕ್ಕದಲ್ಲೇ ನನ್ನದು. ಅಂತೂ ಕಾರ್ಖಾನೆಯ ಚರಿತೆಯಲ್ಲಿ ಸೇರಿದೆನೆಂಬ ಹೆಮ್ಮೆಯಲ್ಲಿ ಅದರ ಫೋಟೋ ತೆಗೆದು, ಜಾಲಹಳ್ಳಿಯ ಮನೆಗೆ ಬಂದವನೇ ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದಳು.

"ಅಯ್ಯೋ, ನಿಮ್ಮ ಮಾತಿಗೆ ಬಿಸಿಯಾಗೋದು ನನ್ನ ತಲೆ ಒಂದೇ ಅಂದ್ಕೊಂಡಿದ್ದೆ ಕಣ್ರೀ" ಎಂದಳು.