ಅಣ್ಣನ ಸೂರಿನ ಮೇಲಿನ ವೈರು

ಪಾಠ ಹೇಳುವವರಿಗೆ, ತಾವು ಹೇಳಿಕೊಡುವುದೆಲ್ಲ ತಮಗೆ ಗೊತ್ತಿದೆ ಎಂಬ ಭ್ರಮೆ ಇರುತ್ತದೆ. ನನಗಂತೂ ಹೆಚ್ಚೇ ಇತ್ತು. ರಾಮನಗರದ ಕಾಲೇಜೊಂದರಲ್ಲಿ ಹದಿನೈದು ವರ್ಷಗಳಿಂದ ಕಂಪ್ಯೂಟರ್ ನೆಟ್‌ವರ್ಕ್ ಪಾಠ ಮಾಡುತ್ತಿದ್ದೇನೆ. ಸಂದೇಶ ತಾಮ್ರದ ತಂತಿಯಲ್ಲಿ ಹೇಗೆ ಹರಿಯುತ್ತದೆ, ಗಾಜಿನ ಎಳೆಯಲ್ಲಿ ಬೆಳಕಾಗಿ ಹೇಗೆ ಓಡುತ್ತದೆ, ತಂತಿಯೇ ಇಲ್ಲದೆ ಗಾಳಿಯಲ್ಲಿ ಹೇಗೆ ಬರುತ್ತದೆ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಹುಡುಗರು ಕೇಳುವುದೂ ನಿದ್ದೆಗಣ್ಣಿನಲ್ಲೇ.

ಕೊರೊನಾ ಕಾಲದಲ್ಲಿ ಕಾಲೇಜು ಮುಚ್ಚಿ, ನಮ್ಮೂರು ಕೈಲಾಂಚದ ಮನೆಯಿಂದಲೇ ಪಾಠ ಮಾಡಬೇಕಾಯಿತು. ಇಂಟರ್‌ನೆಟ್ ಹಾಕಲು ಬಂದವನು ಬೀದಿಯ ಕಂಬ ನೋಡಿ, "ನಿಮ್ಮಣ್ಣಾರ ಸೂರಿನ ಮೇಲಿಂದ ವೈರ್ ತಂದ್ರೆ ಅರ್ಧ ಗಂಟೆ ಕೆಲ್ಸ ಸಾರ್" ಎಂದ. ಮನೆ ಪಾಲಾದಾಗ ಹಿತ್ತಿಲ ಬಾವಿಯ ವಿಷಯಕ್ಕೆ ಜಗಳವಾಗಿ, ನಾನೂ ಅಣ್ಣನೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ನಮ್ಮಿಬ್ಬರ ನಡುವೆ ಇರುವುದು ಒಂದೇ ಗೋಡೆ. "ಈ ಕಾಲದಲ್ಲಿ ವೈರು ಯಾಕಪ್ಪಾ, ವೈರ್‌ಲೆಸ್ಸೇ ಕೊಡು" ಎಂದೆ, ದೊಡ್ಡ ಪಂಡಿತನ ಹಾಗೆ.

ಅವನು ಕೊಟ್ಟುಹೋದ ವೈರ್‌ಲೆಸ್ಸಿನ ಪುಟ್ಟ ಡಬ್ಬಿಯನ್ನು ಕಿಟಕಿಯಲ್ಲಿಟ್ಟೆ, ಅಟ್ಟಕ್ಕೇರಿಸಿದೆ, ಕಡೆಗೆ ನೀರಿನ ಟ್ಯಾಂಕಿನ ಪಕ್ಕ ಕೊಡೆ ಕಟ್ಟಿ ಕೂರಿಸಿದೆ. ಟವರ್ ಇದ್ದದ್ದು ಗುಡ್ಡದ ಆಚೆ. "ಅಡ್ಡ ಬಂದರೆ ಸಂಕೇತ ಕ್ಷೀಣಿಸುತ್ತದೆ" ಎಂದು ಪಾಠ ಮಾಡುತ್ತಿರುವಾಗಲೇ ನಾನು ಕ್ಷೀಣಿಸಿ ಮಾಯವಾದೆ. ಪ್ರಿನ್ಸಿಪಾಲರು ಫೋನ್ ಮಾಡಿ, ಹೀಗೇ ಆದರೆ ನಿಮ್ಮ ಪಾಠ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದರು. "ಹೋಗಿ ಒಂದು ಮಾತು ಕೇಳ್ಬಾರ್ದಾ" ಎಂದಳು ಹೆಂಡತಿ. ಹೋಗಲು ಮನಸ್ಸು ಬರಲಿಲ್ಲ. ಗೋಡೆಯ ಈಚೆ ಕೂತು ಅಣ್ಣನಿಗೆ ವಾಟ್ಸಾಪ್‌ನಲ್ಲಿ ಕೇಳಿದೆ. ಓದಿದ ಗುರುತು ಬಂತು. ಉತ್ತರ ಬರಲಿಲ್ಲ.

ಬೆಳಿಗ್ಗೆ ಅತ್ತಿಗೆ ಬಂದು ಒಂದು ಚೀಟಿ ಕೊಟ್ಟರು. ಅಣ್ಣನ ಅಕ್ಷರ: "ವೈರ್ ಎಳೆಸಿಕೊ. ಇದಕ್ಕೂ ಕೇಳಬೇಕಾ?"

"ಇಷ್ಟನ್ನ ಬಾಯಲ್ಲಿ ಹೇಳೋಕೆ ಅವನಿಗೇನು ಕಷ್ಟವಂತೆ?" ಎಂದೆ.

ಅತ್ತಿಗೆ ನನ್ನನ್ನೇ ನೋಡಿದರು. "ಗಂಟ್ಲು ಆಪ್ರೇಸನ್ ಆಗಿ ಎಂಟು ತಿಂಗ್ಳಾಯ್ತಲ್ಲಪ್ಪಾ. ಇನ್ ಮಾತ್ ಬರಕ್ಕಿಲ್ಲ ಅಂದವ್ರೆ. ನಿಂಗೊತ್ತಿಲ್ವಾ?"

ಹೆಂಡತಿಯ ಕಡೆ ತಿರುಗಿದೆ. "ಹೇಳೋಕೆ ಬಂದಿದ್ದೆ. ಅವ್ರ ಸುದ್ದಿ ಈ ಮನೇಲಿ ಎತ್ಬೇಡ ಅಂದ್ರಿ" ಎಂದಳು ಮೆಲ್ಲಗೆ. ಹೌದು, ಅಂದಿದ್ದೆ. ಗೋಡೆಯಾಚೆ ಅಣ್ಣನ ದನಿ ಕೇಳಿಸದಿದ್ದ ಅಷ್ಟೂ ದಿನ, ಅವನ ಸಿಟ್ಟು ಇನ್ನೂ ಇಳಿದಿಲ್ಲವೆಂದೇ ನಾನು ಲೆಕ್ಕ ಹಾಕಿದ್ದೆ.

ಆ ಮಧ್ಯಾಹ್ನ ವೈರು ಬಂತು. ಏಣಿಯನ್ನು ಅಣ್ಣನೇ ಹಿಡಿದುಕೊಂಡಿದ್ದನಂತೆ. ನಾನು ಒಳಗೇ ಇದ್ದೆ.

ಸಂಜೆ ಹೇಗೋ ಧೈರ್ಯ ಮಾಡಿ ಅವನ ಜಗಲಿಗೆ ಹೋದೆ. ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದ. ಒಳ್ಳೆಯ ಎತ್ತರದ ಆಳು ಇಳಿದುಹೋಗಿದ್ದ. ಪಕ್ಕದಲ್ಲಿ ಜಾಗ ತೋರಿಸಿ, ನೋಟ್‌ಬುಕ್ಕಿನಲ್ಲಿ "ಕಾಫಿ ಕುಡಿ" ಎಂದು ಬರೆದ. ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ನಾನು ಅವನ ಕೈಯಿಂದ ಪೆನ್ನು ತೆಗೆದುಕೊಂಡು, ಕೆಳಗೆ "ತಪ್ಪಾಯ್ತು ಅಣ್ಣ" ಎಂದು ಬರೆದೆ.

ಕಾಫಿ ತಂದ ಅತ್ತಿಗೆ ಅದನ್ನು ನೋಡಿ, "ನಿಂಗೇನಾಗೈತಪ್ಪಾ, ನೀ ಯಾಕ್ ಬರೀತೀಯ? ಬಾಯ್ ಬುಟ್ ಯೋಳು, ಅವ್ರಿಗೆ ಕಿವಿ ಸೆಂದಾಗೇ ಕೇಳ್ತೈತೆ" ಎಂದರು.