ದೊಡ್ಡಪ್ಪನ ಟೆಸ್ಟರೂ ದೊಡ್ಡಮ್ಮನ ಕರಡಿಗೆಯೂ

ನಮ್ಮ ದೊಡ್ಡಪ್ಪ ದೇವರನ್ನು ನಂಬುವುದಿಲ್ಲ ಎಂದು ಅಜ್ಜಂಪುರದ ಜನ ಏನೋ ಮಹಾ ಗುಟ್ಟಿನಂತೆ ಪಿಸುಗುಡುತ್ತಾರೆ. ಅಯ್ಯೋ, ಅದರಲ್ಲೇನು ವಿಶೇಷ? ಅವರು ಗಡಿಯಾರವನ್ನೇ ನಂಬುವುದಿಲ್ಲ! ಹಾಲು ಹಾಕುವವನನ್ನು ನಂಬುವುದಿಲ್ಲ, ಹಾಲನ್ನು ನಂಬುವುದಿಲ್ಲ, ಆ ಹಸುವಿನ ಮೇಲೂ ಅವರಿಗೆ ಒಂದು ಕಣ್ಣಿದೆ. ಬೀರೂರು ಸ್ಟೇಷನ್ನಿನಲ್ಲಿ ರೈಲು ಬಂದು ನಿಂತರೆ ಬೋರ್ಡು ಓದುತ್ತಾರೆ, ಗಾರ್ಡನ್ನು ಕೇಳುತ್ತಾರೆ, ಆಮೇಲೆ ಕಿಟಕಿಯಲ್ಲಿ ಕೂತವನನ್ನು ಕೇಳುತ್ತಾರೆ. ಅವನು "ಹೌದು, ಶಿವಮೊಗ್ಗಕ್ಕೆ" ಎಂದರೆ "ನಿಮಗೆ ಯಾರು ಹೇಳಿದ್ದು?" ಎನ್ನುತ್ತಾರೆ. ಹೀಗಿರುವಾಗ ದೇವರು ಬೇಜಾರು ಮಾಡಿಕೊಳ್ಳುವ ಅಗತ್ಯವೇ ಇಲ್ಲ. ಅನುಮಾನದ ಕ್ಯೂ ಬಹಳ ಉದ್ದ ಇದೆ, ಅವನದು ಎಲ್ಲೋ ಹಿಂದಿನ ನಂಬರು.

ದೊಡ್ಡಪ್ಪನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಅಂಗಿಯ ಜೇಬಿನಲ್ಲಿ ಸದಾ ಒಂದು ಟೆಸ್ಟರು. ಸ್ನಾನಕ್ಕೆ ಹೋಗುವಾಗ ಅದನ್ನು ಎಲ್ಲಿಡುತ್ತಾರೆ ಎಂದು ನಾನು ಕೇಳಿಲ್ಲ. ಸಂಶೋಧನೆಗೂ ಒಂದು ಮಿತಿ ಇದೆ. ಮೇನ್ ಸ್ವಿಚ್ಚನ್ನು ಅವರೇ ಆಫ್ ಮಾಡಿ, ಅವರೇ ಫ್ಯೂಸು ಕಿತ್ತು, ಆಮೇಲೂ ಟೆಸ್ಟರ್ ಮುಟ್ಟಿಸದೆ ತಂತಿಗೆ ಕೈ ಹಚ್ಚುವುದಿಲ್ಲ. "ಲೇ ಪುಟ್ಟಿ, ಕರೆಂಟು ಮಾತು ಕೇಳಲ್ಲ ಕಣೇ. ಮುಟ್ಟಿ ನೋಡ್ಬೇಕು, ಆಮೇಲೇ ನಂಬ್ಬೇಕು" ಎಂಬುದು ಅವರ ಒಂದೇ ಒಂದು ಮಂತ್ರ.

ಈ ಮಂತ್ರವನ್ನು ಅವರು ತಂತಿಗಷ್ಟೇ ಬಳಸಿದ್ದರೆ ನಮ್ಮಪ್ಪ ಇವತ್ತು ನಾವಿರುವ ಕಡೂರಿನಲ್ಲಿ ತಲೆಯೆತ್ತಿ ಓಡಾಡುತ್ತಿದ್ದರು. ಒಮ್ಮೆ ನಮ್ಮ ಬೀದಿಯಲ್ಲಿ ಒಬ್ಬರ ಮೈಮೇಲೆ ದೇವರು ಬಂದು ಗಡಗಡ ನಡುಗುತ್ತಿದ್ದರು. ಜನರೆಲ್ಲ ಕೈಮುಗಿದು ನಿಂತಿದ್ದಾರೆ. ದೊಡ್ಡಪ್ಪ ನಿಧಾನವಾಗಿ ಹೋಗಿ ದೇವರ ಮೊಣಕೈಗೆ ಟೆಸ್ಟರ್ ಹಚ್ಚಿದರು! ಬಲ್ಬು ಹತ್ತಲಿಲ್ಲ. "ಸಪ್ಲೈ ಇಲ್ಲ ಕಣ್ರಪ್ಪಾ, ಬರೀ ನಡುಕ. ಬೇರಿಂಗ್ ಹೋಗಿರ್ಬೇಕು" ಎಂದು ತೀರ್ಪು ಕೊಟ್ಟರು. ಆಗ ದೇವರು ಬೈದ ಬೈಗುಳವನ್ನು ಇಲ್ಲಿ ಬರೆದರೆ ಈ ಪ್ರಬಂಧ ಅಚ್ಚಾಗುವುದಿಲ್ಲ. ಅಪ್ಪ ಒಂದು ತಿಂಗಳು ಹಿತ್ತಲ ಓಣಿಯಲ್ಲೇ ಓಡಾಡಿದರು.

ಈಗ ದೊಡ್ಡಮ್ಮ. ನಮ್ಮಲ್ಲಿ ಲಿಂಗ ಕಟ್ಟಿಕೊಳ್ಳುತ್ತೇವೆ. ಗುರುಗಳು ಕೊಟ್ಟ ಪುಟ್ಟ ಕಪ್ಪು ಲಿಂಗ ಬೆಳ್ಳಿಯ ಕರಡಿಗೆಯೊಳಗೆ, ಕರಡಿಗೆ ಶಿವದಾರದಲ್ಲಿ, ಶಿವದಾರ ಕೊರಳಲ್ಲಿ. ದಿನಾ ಬೆಳಿಗ್ಗೆ ಅಂಗೈ ಮೇಲಿಟ್ಟು ಪೂಜೆ ಮಾಡಿದ ಮೇಲೇ ದೊಡ್ಡಮ್ಮನ ಬಾಯಿಗೆ ನೀರು. ದೊಡ್ಡಪ್ಪನಾದರೋ ಮದುವೆಯಾದ ಹೊಸದರಲ್ಲೇ ತಮ್ಮ ಲಿಂಗವನ್ನು ಮಠಕ್ಕೆ ಹಿಂದಿರುಗಿಸಿ ಬಂದವರು. ಹಿಂದಿರುಗಿಸಿದ್ದಕ್ಕೆ ರಸೀದಿ ಕೇಳಿದರಂತೆ!

ಇಬ್ಬರ ಸಂಸಾರ ಹೇಗೆ ನಡೆಯಿತು ಎಂದರೆ, ಗಡಿ ಹಾಕಿಕೊಂಡು. ನಡುಮನೆಯಿಂದ ಒಳಗೆ ದೊಡ್ಡಮ್ಮನ ರಾಜ್ಯ, ಜಗುಲಿಯಿಂದ ಆಚೆ ದೊಡ್ಡಪ್ಪನದು. ಆದರೂ ಒಮ್ಮೆ ಗಡಿ ಉಲ್ಲಂಘನೆಯಾಯಿತು. ದೇವರ ಫೋಟೋ ಇಲ್ಲದ ಅಂಗಡಿಯಲ್ಲಿ ಮೋಟರು ಬಿಟ್ಟುಹೋಗಲು ಗಿರಾಕಿಗಳಿಗೆ ಅನುಮಾನ. "ದೇವ್ರಿಗೇ ಹೆದ್ರದೋನು ತಾಮ್ರ ಬಿಡ್ತಾನಾ?" ಎಂದು ಮಾತು ಹಬ್ಬಿತು. ದೊಡ್ಡಮ್ಮ ಸದ್ದಿಲ್ಲದೆ ಹೋಗಿ ಅಂಗಡಿಯಲ್ಲಿ ಶಿವನ ಫೋಟೋ ತಗುಲಿಹಾಕಿ ಬಂದರು. ಜಗಳ ನೋಡಲು ನಾನು ಕಡಲೆಕಾಯಿ ಸಮೇತ ತಯಾರಾಗಿ ಕೂತಿದ್ದೆ. ದೊಡ್ಡಪ್ಪ ಫೋಟೋವನ್ನು ಮೇಲಿಂದ ಕೆಳಗೆ ನೋಡಿದರು. "ಇರ್ಲಿ ಬಿಡು. ಗಿರಾಕೀನ ಇವನು ನೋಡ್ಕಳ್ಲಿ, ಕಾಯಿಲ್ ನಾನು ನೋಡ್ಕತೀನಿ" ಎಂದು ಕೆಲಸಕ್ಕೆ ಕೂತರು. ನನ್ನ ಕಡಲೆಕಾಯಿ ದಂಡ!

ನನಗೆ ಅನುಮಾನ ಹುಟ್ಟಿದ್ದು ಅಲ್ಲೇ. ಇವರು ನಿಜವಾದ ನಾಸ್ತಿಕರೋ, ಕಳ್ಳ ಭಕ್ತರೋ? ರಜಕ್ಕೆ ಅಜ್ಜಂಪುರಕ್ಕೆ ಬಂದ ನಾನು ಪತ್ತೇದಾರಿಕೆಗೆ ಇಳಿದೆ. (ಪಿಯುಸಿಯಲ್ಲಿ ಲ್ಯಾಬ್ ರೆಕಾರ್ಡ್ ಕೂಡ ಇಷ್ಟು ಶ್ರದ್ಧೆಯಿಂದ ಬರೆದಿಲ್ಲ.) ಮೂರನೇ ದಿನವೇ ಸುಳಿವು ಸಿಕ್ಕಿತು. ದೊಡ್ಡಮ್ಮ ಪೂಜೆಗೆ ಕೂತಾಗಲೆಲ್ಲ ದೊಡ್ಡಪ್ಪ ಜಗುಲಿ ಬಿಟ್ಟು ನಡುಮನೆಗೆ ಬಂದು, ದೇವರ ಕೋಣೆಗೆ ಎದುರಾಗಿ ಪೇಪರ್ ಹಿಡಿದು ಕೂರುತ್ತಾರೆ. ಕೇಳಿದರೆ "ಇಲ್ಲಿ ಬೆಳಕು ಚೆನ್ನಾಗೈತೆ" ಎನ್ನುತ್ತಾರೆ. ಆದರೆ ಅರ್ಧ ಗಂಟೆ ಪೂಜೆಯಲ್ಲಿ ಒಂದೇ ಒಂದು ಪುಟ ತಿರುಗುವುದಿಲ್ಲ! ಅಡಿಕೆ ಧಾರಣೆ ಓದಲು ಅರ್ಧ ಗಂಟೆ ಬೇಕೇ? ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ.

ಹೀಗಿರುವಾಗ ತರೀಕೆರೆಯಲ್ಲಿ ದೊಡ್ಡಮ್ಮನ ತಂಗಿಯ ಮನೆ ಗೃಹಪ್ರವೇಶ ಬಂತು. ಬೆಳಗಿನ ಜಾವ ಹೊಸ ಮನೆಯ ಹಜಾರದಲ್ಲಿ ಮೂವರು ಹೆಂಗಸರು ಸಾಲಾಗಿ ಲಿಂಗಪೂಜೆಗೆ ಕೂತರು: ನಮ್ಮ ದೊಡ್ಡಮ್ಮ, ಬೀರೂರಿನ ನೆಂಟರ ಮನೆಯ ಸೊಸೆ, ಮತ್ತು ದೊಡ್ಡಮ್ಮನ ತಂಗಿಯ ವಾರಗಿತ್ತಿಯಾದ ಚೌಳಹಿರಿಯೂರಿನ ಅತ್ತೆ. ಈ ಅತ್ತೆಯನ್ನು ನಾನು ತ್ರಿಕಾಲ ಅತ್ತೆ ಎನ್ನುತ್ತೇನೆ. ಮೂರು ಹೊತ್ತೂ ಪೂಜೆ ಮಾಡುತ್ತೇನೆ ಎಂದು ದಿನಕ್ಕೆ ಆರು ಹೊತ್ತು ಹೇಳುವವರು. ದೊಡ್ಡಮ್ಮನ ತಂಗಿ ಮೂವರಿಗೂ ಒಂದೇ ತರಹದ ಹೊಸ ಶಿವದಾರ ಕೊಟ್ಟಿದ್ದಳು. ಕರಡಿಗೆಗಳಂತೂ ಮೊದಲೇ ಒಂದೇ ಅಚ್ಚು. ಪೂಜೆ ಮುಗಿಸಿ, ಲಿಂಗಗಳನ್ನು ಮೇಲಿದ್ದ ಬಿಲ್ವಪತ್ರೆಯ ಸಮೇತ ಕರಡಿಗೆಯಲ್ಲಿಟ್ಟು, ಇನ್ನೇನು ಕೊರಳಿಗೆ ಹಾಕಿಕೊಳ್ಳಬೇಕು, ಗೃಹಪ್ರವೇಶದ ಹಸು ಮುಹೂರ್ತಕ್ಕೆ ಮೊದಲೇ ಪ್ರವೇಶ ಮಾಡಿಬಿಟ್ಟಿತು! ಅಮೃತಮಹಲ್ ಹೋರಿಯಂತೆ ನುಗ್ಗಿ ನೇರ ಬಾಳೆಹಣ್ಣಿಗೇ ಬಾಯಿ ಹಾಕಿತು. ಮೂವರೂ ಕೈಗೆ ಸಿಕ್ಕ ಕರಡಿಗೆ ಎತ್ತಿಕೊಂಡು ಗೋಡೆಗೆ ಅಂಟಿದರು.

ಮರುದಿನ ಬೆಳಿಗ್ಗೆ ಅಜ್ಜಂಪುರದಲ್ಲಿ ದೊಡ್ಡಮ್ಮ ಕರಡಿಗೆ ತೆರೆದು, ಲಿಂಗವನ್ನು ಅಂಗೈಗಿಟ್ಟು, ಹಾಗೇ ಕೂತುಬಿಟ್ಟರು. "ಪುಟ್ಟೀ, ಇದು ನಂದಲ್ಲ ಕಣೇ."

ಇನ್ನೊಬ್ಬರ ಲಿಂಗಕ್ಕೆ ಪೂಜೆ ಮಾಡುವಂತಿಲ್ಲ. ತಮ್ಮದಕ್ಕೆ ಮಾಡದೆ ನೀರು ಕುಡಿಯುವಂತಿಲ್ಲ. ಹೊಸದು ಕಟ್ಟಬೇಕಾದ ಗುರುಗಳು ದೂರದ ಊರಿಗೆ ಹೋಗಿದ್ದಾರೆ. ದೊಡ್ಡಮ್ಮನಿಗೋ ಸಕ್ಕರೆ ಕಾಯಿಲೆ, ಎರಡು ಹೊತ್ತು ಮಾತ್ರೆ. ಫೋನ್ ಮಾಡಿದೆವು. ಬೀರೂರಿನವರು "ನಮ್ದು ನಮ್ದೇ" ಎಂದರು. ತ್ರಿಕಾಲ ಅತ್ತೆಯಂತೂ ಫೋನಿನಿಂದಲೇ ಎದ್ದು ಬಂದಂತೆ ಕೂಗಿದರು: "ಏನಮ್ಮಾ ಹಂಗಂದ್ರೆ? ನನ್ ಲಿಂಗ ನನ್ ಕೈಗೆ ಗೊತ್ತಾಗಲ್ವಾ? ನಿನ್ನೆ ಸಂಜೆ ಮಾಡಿದೀನಿ, ಇವತ್ತು ಬೆಳಿಗ್ಗೆ ಮಾಡಿದೀನಿ!"

ಸಂಜೆಯ ಹೊತ್ತಿಗೆ ದೊಡ್ಡಮ್ಮನ ತುಟಿ ಒಣಗಿತು. ಪಕ್ಕದ ಮನೆಯ ನರ್ಸಮ್ಮ ಬಂದು "ಹಿಂಗೇ ಆದ್ರೆ ನಾಳೆ ಅಡ್ಮಿಟ್ ಮಾಡ್ಬೇಕಾಯ್ತದೆ" ಎಂದರು. ಜಗುಲಿಯಲ್ಲಿ ಸೇರಿದವರು ಒಬ್ಬರ ಕಿವಿಯಲ್ಲಿ ಒಬ್ಬರು "ಆ ನಾಸ್ತಿಕನೇ ಏನಾರ ಮಾಡಿದಾನೋ ಏನೋ" ಎಂದರು. ಸತ್ಯ ಹೇಳಬೇಕೆಂದರೆ, ನಾನೂ ಒಮ್ಮೆ ಅವರ ಜೇಬಿನ ಕಡೆ ನೋಡಿದೆ.

ದೊಡ್ಡಪ್ಪ ಲೋಟದಲ್ಲಿ ನೀರು ಹಿಡಿದು ಬಂದರು. "ಲೇ, ಒಂದು ಗುಟುಕು ಕುಡಿಯೇ. ಕಲ್ಲಿಗೇನು ಗೊತ್ತಾಗುತ್ತೆ?"

ದೊಡ್ಡಮ್ಮ ಕೋಪಿಸಿಕೊಳ್ಳಲಿಲ್ಲ. "ರೀ, ಫ್ಯೂಸ್ ತೆಗ್ದೀನಿ, ಮುಟ್ರಿ ಅಂತ ನಾನೇ ಹೇಳಿದ್ರೂ ನೀವು ಟೆಸ್ಟರ್ ಇಲ್ದೆ ಮುಟ್ತೀರಾ?"

"ಇಲ್ಲ."

"ನಾನು ಯಾವತ್ತಾದ್ರೂ ಅದಕ್ಕೆ ನಕ್ಕಿದೀನಾ?"

ದೊಡ್ಡಪ್ಪ ನೀರಿನ ಲೋಟ ಹಿಡಿದು ವಾಪಸ್ ಹೋದರು. 

ಮರುದಿನ ಬೆಳಿಗ್ಗೆ ದೊಡ್ಡಪ್ಪನ ಮೊಪೆಡ್ ಹೊರಟಿತು. "ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ತೆಗೆಸಿ ನೋಡ್ಬೇಕು" ಎಂದರು. ಆದರೆ ಆ ಇನ್ಯಾರದೋ ಲಿಂಗವನ್ನು ಲಿಂಗವಿಲ್ಲದ ದೊಡ್ಡಪ್ಪನ ಕೈಗೆ ಕೊಡಲು ದೊಡ್ಡಮ್ಮ ಒಪ್ಪಲಿಲ್ಲ. "ನೀವು ಮುಟ್ಟಂಗಿಲ್ಲ. ಪುಟ್ಟಿ ಹಿಡ್ಕಳ್ಲಿ." ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದು "ಆಯ್ತು" ಎಂದರು. ಹೀಗೆ ನಾನು ಕರಡಿಗೆಯನ್ನು ಎದೆಗವಚಿಕೊಂಡು ಹಿಂದೆ ಕೂತೆ. ದಾರಿಯಲ್ಲಿ ಹೋಟೆಲಿನಲ್ಲಿ ಅವರು ಒಂದೇ ಪ್ಲೇಟ್ ಇಡ್ಲಿ ಹೇಳಿದರು, ನನಗೆ. "ನಿಮಗೆ?" "ಹೊಟ್ಟೆ ಸರಿ ಇಲ್ಲ." ಜಿಪುಣ ಎಂದುಕೊಂಡೆ. ಇಡ್ಲಿಯನ್ನು ಅವರು ನಂಬದಿರುವ ಸಾಧ್ಯತೆಯೂ ಇತ್ತು.

ಬೀರೂರಿನಲ್ಲಿ ಬಾಗಿಲು ತೆರೆದದ್ದು ಆ ಸೊಸೆಯ ಅತ್ತೆ, ಹಿಂದೆಂದೂ ನಮ್ಮ ಮುಖ ನೋಡಿರದ ಅಜ್ಜಿ. ದೊಡ್ಡಪ್ಪನಿಗೆ ಪೀಠಿಕೆ ಹಾಕಿ ಗೊತ್ತೇ? "ಅಮ್ಮಾ, ನಿಮ್ಮನೆ ಬೆಳ್ಳಿ ಕರಡಿಗೆ ತಂದು ಬಿಚ್ಚಿ ತೋರ್ಸಿ" ಎಂದುಬಿಟ್ಟರು! ಅಜ್ಜಿ ಬೀದಿಗೆಲ್ಲ ಕೇಳುವಂತೆ ಕೂಗಿತು: "ಅಯ್ಯಯ್ಯೋ, ಬೆಳ್ಳಿ ಪಾಲೀಶ್ ಮಾಡೋ ಕಳ್ರು ಬಂದವ್ರೆ ಬರ್ರಪ್ಪೋ!"

ಎರಡು ನಿಮಿಷಕ್ಕೆ ಇಪ್ಪತ್ತು ಜನ. ನಾವು ಯಾವ ಊರು, ಯಾರ ಕಡೆ, ಏನು ಗುರುತು? "ನಮ್ಮೋರೇ ಆದ್ರೆ ನಿಮ್ ಲಿಂಗ ತೋರ್ಸ್ರಿ ನೋಡಾಣ" ಎಂದ ಒಬ್ಬ ಮೀಸೆ. ದೊಡ್ಡಪ್ಪ ಅಂಗಿಯ ಜೇಬು ಮುಟ್ಟಿಕೊಂಡರು. ಅಲ್ಲಿ ಇದ್ದದ್ದು ಟೆಸ್ಟರು! ಅಷ್ಟರಲ್ಲಿ ನಾನು ನನ್ನ ಕೊರಳಿನ ಕರಡಿಗೆ ಹೊರಗೆಳೆದು ಪೊಲೀಸರು ಕಾರ್ಡು ತೋರಿಸುವಂತೆ ತೋರಿಸಿದೆ. ಸೊಸೆಯೂ ಹಿತ್ತಲಿನಿಂದ ಓಡಿಬಂದು ಗುರುತು ಹಿಡಿದಳು, ತನ್ನದನ್ನು ತೆರೆದೂ ತೋರಿಸಿದಳು. ಅವಳದು ಅವಳದೇ. ಆದರೂ ದೊಡ್ಡಪ್ಪ ಬಗ್ಗಿ ಒಂದು ಸಲ ನೋಡಿಯೇ "ಹೂಂ, ಇದಲ್ಲ" ಎಂದರು. ಇದಲ್ಲ ಎಂದು ಇವರಿಗೆ ಹೇಗೆ ಗೊತ್ತು? ನನ್ನ ಅನುಮಾನ ಇನ್ನೊಂದು ಇಂಚು ಬೆಳೆಯಿತು.

ಕಡೂರು ದಾಟಿ ಚೌಳಹಿರಿಯೂರು ಸೇರಿದಾಗ ಮಧ್ಯಾಹ್ನ. ತ್ರಿಕಾಲ ಅತ್ತೆ ಜಗುಲಿಯಲ್ಲಿ ಕೂತು, "ಪೂಜೆಗೆ ಸೋಮಾರಿತನ ಮಾಡೋರ ಮನೇಲಿ ಅನ್ನ ಹುಟ್ಟಲ್ಲ" ಎಂದು ತಮ್ಮ ಸೊಸೆಗೆ ಪಾಠ ಹೇಳುತ್ತಿದ್ದರು. ನಾವು ಬಂದ ಕಾರಣ ಕೇಳಿ ಉರಿದುಬಿದ್ದರು. "ದೇವ್ರು ಇಲ್ಲ ಅನ್ನೋನು ನನ್ ಲಿಂಗದ ತನಿಖೆಗೆ ಬಂದ್ಯಾ?"

"ತನಿಖೆ ಅಲ್ಲ ಅಕ್ಕಾ. ಅವ್ಳು ಎರಡು ದಿನದಿಂದ ನೀರು ಕುಡಿದಿಲ್ಲ" ಎಂದರು ದೊಡ್ಡಪ್ಪ. ಧ್ವನಿಯಲ್ಲಿ ಎಂದಿನ ಕೊಂಕು ಇರಲಿಲ್ಲ.

ಅತ್ತೆ ಜಗುಲಿಯಿಂದ ಎದ್ದರು. ಕೈಕಾಲು ತೊಳೆದು ಬಂದು ಕರಡಿಗೆ ತೆರೆದರು. ಒಳಗೆ ಲಿಂಗ. ಲಿಂಗದ ಮೇಲೆ ತರೀಕೆರೆಯ ಬಿಲ್ವಪತ್ರೆ, ಒಣಗಿ ಮುರುಟಿಕೊಂಡು! ಗೃಹಪ್ರವೇಶದ ಬೆಳಿಗ್ಗೆ ಮುಚ್ಚಿದ ಕರಡಿಗೆ ಇವತ್ತಿನವರೆಗೆ ಬಾಯಿ ತೆರೆದೇ ಇರಲಿಲ್ಲ. ತ್ರಿಕಾಲವೂ ಇಲ್ಲ, ಏಕಕಾಲವೂ ಇಲ್ಲ. ಅತ್ತೆಯ ಮುಖ ವಿಭೂತಿಯಷ್ಟೇ ಬೆಳ್ಳಗಾಯಿತು. ಹಿಂದೆ ಸೊಸೆ ಕತ್ತು ಚಾಚುತ್ತಿದ್ದಳು.

ಇನ್ನು ನೋಡಿ ಮಜಾ ಎಂದುಕೊಂಡೆ. ದೇವರ ಮೊಣಕೈಯನ್ನೇ ಬಿಡದ ಮನುಷ್ಯ ಈ ಅತ್ತೆಯನ್ನು ಬಿಟ್ಟಾರೆಯೇ? ದೊಡ್ಡಪ್ಪ ಒಂದು ಹೆಜ್ಜೆ ಮುಂದೆ ಬಂದು ಸೊಸೆಗೆ ಅಡ್ಡವಾಗಿ ನಿಂತರು. ನನ್ನ ಕಡೆ ನೋಡಿ ಮೆಲ್ಲಗೆ, "ಲೇ, ಆ ಎಲೆ ತೆಗಿ" ಎಂದರು. ನಾನು ತೆಗೆದು ಮುಷ್ಟಿಯಲ್ಲಿ ಮುಚ್ಚಿದೆ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ನಿಮ್ ತಪ್ಪಲ್ಲ ಬಿಡಕ್ಕಾ. ಎರಡೂ ಒಂದೇ ತರ ಅವೆ. ಭಕ್ತೀಲಿ ಕಣ್ಣು ಮುಚ್ಚಿ ಪೂಜೆ ಮಾಡೋರಿಗೆ ಎಲ್ಲಿ ಗೊತ್ತಾಗುತ್ತೆ!"

ಅತ್ತೆಯ ಕಣ್ಣಲ್ಲಿ ನೀರು ಬಂತು. ಎರಡು ಲಿಂಗವನ್ನೂ ಪಕ್ಕಪಕ್ಕ ಇಟ್ಟು, ಯಾವುದು ಯಾರದೆಂದು ತಡವರಿಸಿದರು. ದೊಡ್ಡಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು; ದೊಡ್ಡಮ್ಮ ಮುಟ್ಟಬೇಡಿ ಎಂದಿದ್ದರಲ್ಲ! ಬಗ್ಗಿ ಗದ್ದದಲ್ಲೇ ತೋರಿಸಿದರು. "ಇದು ನಮ್ಮೋಳ್ದು. ಎಡಗಡೆ ಹೆಬ್ಬೆಟ್ಟು ತಾಗಿ ತಾಗಿ ಸವೆದೈತೆ ನೋಡಿ."

ಮೊಪೆಡ್ ಬೀರೂರು ದಾಟುವವರೆಗೆ ನಾನು ತಡೆದುಕೊಂಡೆ. ಆಮೇಲೆ ಬೆನ್ನಿಗೆ ತಿವಿದೆ. "ಸಿಕ್ಕಿಬಿದ್ರಿ ದೊಡ್ಡಪ್ಪ! ಪೇಪರ್ ಹಿಂದಿಂದ ದಿನಾ ಕದ್ದು ದರ್ಶನ ಮಾಡ್ತೀರಿ. ನೀವು ಭಕ್ತರು!"

"ಮುಚ್ಚೇ ಬಾಯಿ. ನಾನು ದೇವ್ರನ್ನ ನೋಡ್ತಿರ್ಲಿಲ್ಲ."

"ಮತ್ತೇನು ನೋಡ್ತಿದ್ರಿ?"

ಎರಡು ಲಾರಿ ಎದುರಿಗೆ ಬಂದು ಹೋದವು. "ಆ ಅರ್ಧ ಗಂಟೆ ಅವ್ಳ ಮುಖ ಬೇರೇನೇ ಇರ್ತದೆ ಕಣೇ" ಎಂದರು. "ಅದೊಂದಕ್ಕೆ ಟೆಸ್ಟರ್ ಬೇಕಾಗಿಲ್ಲ."

ಅಜ್ಜಂಪುರ ಸೇರಿ ಕರಡಿಗೆಯನ್ನು ದೊಡ್ಡಮ್ಮನ ಕೈಗಿಟ್ಟೆ.

ದೊಡ್ಡಮ್ಮ ಲಿಂಗವನ್ನು ಅಂಗೈಗಿಟ್ಟ ಕೂಡಲೇ ಹೆಬ್ಬೆಟ್ಟು ತಾನಾಗಿ ಆ ಸವಕಲಿಗೆ ಹೋಗಿ ಕೂತಿತು. ಪೂಜೆ ಮುಗಿಯಿತು, ನೀರು ಕುಡಿದರು, ಮಾತ್ರೆ ನುಂಗಿದರು. ತಟ್ಟೆ ಹಾಕಿದಾಗ ದೊಡ್ಡಪ್ಪ ಆರು ರೊಟ್ಟಿ ತಿಂದರು! ಹೊಟ್ಟೆ ಸರಿಯಿಲ್ಲದ ಮನುಷ್ಯ! ದೊಡ್ಡಮ್ಮ ಏಳನೆಯದನ್ನು ಹಾಕುತ್ತಾ ಅನುಮಾನದಿಂದ ಕೇಳಿದರು: "ರೀ, ನಿನ್ನೆಯಿಂದ ನೀವು ಊಟ ಮಾಡಿದ್ರಿ ತಾನೇ?"

"ಮಾಡ್ದೆ ಮಾಡ್ದೆ. ನಾನ್ಯಾಕೆ ಉಪವಾಸ ಇರ್ಲಿ? ಪುಟ್ಟೀನ ಕೇಳು."

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಇಡ್ಲಿ ತಿಂದ್ರು ದೊಡ್ಡಮ್ಮ, ಎರಡು ಪ್ಲೇಟು" ಎಂದೆ.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಕಣ್ಣು ಮುಚ್ಚಿ ಪೂಜೆಗೆ ಕೂತರು. ದೊಡ್ಡಪ್ಪ ಎಂದಿನಂತೆ ಎದುರಿಗೆ ಪೇಪರ್ ಹಿಡಿದು ಕೂತರು. ಹತ್ತು ನಿಮಿಷ ಆಯಿತು, ಇಪ್ಪತ್ತು ಆಯಿತು, ಅದೇ ಪುಟ. ದೊಡ್ಡಮ್ಮ ಇನ್ನೇನು ಕಣ್ಣು ತೆರೆಯುವವರಿದ್ದರು. ನಾನು ಬೆಕ್ಕಿನಂತೆ ಹಿಂದಿನಿಂದ ಹೋಗಿ, ದೊಡ್ಡಪ್ಪನ ಭುಜದ ಮೇಲಿಂದ ಕೈ ಚಾಚಿ, ಪುಟ ತಿರುವಿ ಬಂದೆ.